ತೈಲವರ್ಣದ ಎಣ್ಣೆಗಳು: ಅಗಸೆ ಮತ್ತು ಕುಸುಬೆ

ತೈಲವರ್ಣ ಚಿತ್ರದಲ್ಲಿ ಬಣ್ಣದ ಪುಡಿಯನ್ನು ಕಚ್ಚಿ ಹಿಡಿಯುವುದು ಒಣಗುವ ಗುಣವುಳ್ಳ ಎಣ್ಣೆ. ಅದು ನೀರಿನಂತೆ ಆವಿಯಾಗಿ ಆರದೆ, ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ಗಟ್ಟಿ ಪೊರೆಯಾಗುತ್ತದೆ. ಇಂಥ ಎಣ್ಣೆ ಕೊಡುವ ಅಗಸೆ, ಕುಸುಬೆಗಳೆರಡೂ ವಿಜಯಪುರ, ತಿಕೋಟಾ, ಬಬಲೇಶ್ವರ ಸೀಮೆಯ ಎರೆಹೊಲಗಳಿಗೆ ಹಳೆಯ ಹಿಂಗಾರಿ ಬೆಳೆಗಳಾಗಿದ್ದು, ಅಗಸಿ ಹಿಂಡಿಯಾಗಿ, ಕುಸುಬಿ ಎಣ್ಣೆಯಾಗಿ ಮನೆಮನೆಗೂ ಪರಿಚಿತವಾಗಿವೆ. ಐರೋಪ್ಯ ಚಿತ್ರಕಲೆಯೂ ಈ ಸೀಮೆಗೆ ಬಹು ಹಿಂದೆಯೇ ಬಂದಿತ್ತು: ಹಾರ್ಲೆಮ್ ನಗರದ ಡಚ್ ಚಿತ್ರಕಾರ ಕಾರ್ನೆಲಿಸ್ ಕ್ಲಾಸ್ ಹೇಡಾ 17ನೇ ಶತಮಾನದ ಆರಂಭದಲ್ಲಿ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಆಸ್ಥಾನವನ್ನು ಸೇರಿ, ತೊರವಿ ಬಳಿಯ ನವರಸಪುರದಲ್ಲಿ ನೆಲೆಸಿ, 1622ರಲ್ಲಿ ತೀರಿಕೊಂಡನು.

ಅಗಸೆ ಎಣ್ಣೆಯಲ್ಲಿ ಅರ್ಧದಷ್ಟು ಲಿನೊಲೆನಿಕ್ ಆಮ್ಲವಿರುವುದರಿಂದ ಅದು ಬೇಗ ಒಣಗಿ ಬಲವಾದ ಪೊರೆ ಕಟ್ಟುತ್ತದೆ. ಆದರೆ ಕಾಲ ಕಳೆದಂತೆ, ಕತ್ತಲಲ್ಲಿಟ್ಟರಂತೂ ಇನ್ನಷ್ಟು, ಹಳದಿಗೆ ತಿರುಗುತ್ತದೆ. ಕುಸುಬೆ ಎಣ್ಣೆಯಲ್ಲಿ ಲಿನೊಲಿಯಿಕ್ ಆಮ್ಲವೇ ಹೆಚ್ಚಾಗಿರುವುದರಿಂದ ಅದು ಹಳದಿಯಾಗುವುದು ಕಡಿಮೆ. ಬಿಳಿ ಮತ್ತು ತಿಳಿನೀಲಿ ಬಣ್ಣಗಳನ್ನು ಅದರಲ್ಲಿ ಅರೆಯುವುದು ಇದೇ ಕಾರಣಕ್ಕೆ. ಆದರೆ ಅದು ನಿಧಾನವಾಗಿ ಒಣಗುವುದಲ್ಲದೆ ಅದರ ಪೊರೆಯೂ ಮೆದು. ಕುಸುಬೆಯಲ್ಲಿ ಅರೆದ ಬಿಳಿಯನ್ನು ಅಡಿಪದರಕ್ಕೆ ದಪ್ಪವಾಗಿ ಬಳಿದು, ಅದು ಆರುವ ಮೊದಲೇ ಅಗಸೆಯ ಬಣ್ಣವನ್ನು ಮೇಲೆ ಹಚ್ಚಿದರೆ, ಮೇಲಿನದು ಮೊದಲು ಗಟ್ಟಿಯಾಗಿ, ಕೆಳಗಿನದು ಇನ್ನೂ ಸರಿಯುತ್ತಿರುವಾಗಲೇ ಬಿರಿಯುತ್ತದೆ. ಆದ್ದರಿಂದ ಅಡಿಪದರಕ್ಕೆ ಟರ್ಪೆಂಟೈನ್ ಬೆರೆಸಿದ, ಎಣ್ಣೆ ಕಡಿಮೆಯಿರುವ ಬಣ್ಣವನ್ನೂ ಮೇಲುಪದರಗಳಿಗೆ ಎಣ್ಣೆ ಹೆಚ್ಚಿರುವ ಬಣ್ಣವನ್ನೂ ಬಳಸುವುದು ಈ ಮಾಧ್ಯಮದ ಮೂಲ ನಿಯಮವಾಗಿದ್ದು, ಕಲಿಯುವವರು ಕುಂಚ ಹಿಡಿಯುವ ಮೊದಲೇ ಅದನ್ನು ಅರಿತಿರಬೇಕು. ಬಣ್ಣದ ಪುಡಿಯೂ ಒಣಗುವ ವೇಗವನ್ನು ಬದಲಿಸುತ್ತದೆ: ಮ್ಯಾಂಗನೀಸ್ ಇರುವ ಅಂಬರ್ ಕಂದು ಬೇಗ ಆರಿದರೆ, ಮೂಳೆ ಸುಟ್ಟು ಮಾಡಿದ ಕಪ್ಪು ತಡವಾಗಿ ಆರುತ್ತದೆ.

ಗಾಣದಿಂದ ತಂದ ಅಡುಗೆಯ ಎಣ್ಣೆ ಚಿತ್ರಕ್ಕೆ ಒದಗುವುದಿಲ್ಲ. ಅದರಲ್ಲಿರುವ ಲೋಳೆಯಂಶವನ್ನು ತೆಗೆದು ಶುದ್ಧೀಕರಿಸಬೇಕು. ಈಚಿನ ಕೆಲವು ಕುಸುಬೆ ತಳಿಗಳ ಎಣ್ಣೆಯಲ್ಲಿ ಓಲಿಯಿಕ್ ಆಮ್ಲವೇ ಹೆಚ್ಚಿದ್ದು, ಅದು ಸರಿಯಾಗಿ ಒಣಗುವುದೇ ಇಲ್ಲ. ಎಣ್ಣೆ ನೇರವಾಗಿ ತಾಗಿದರೆ ಬಟ್ಟೆಯ ನಾರು ಕ್ರಮೇಣ ಕೊಳೆಯುವುದರಿಂದ, ಕ್ಯಾನ್ವಾಸಿಗೆ ಮೊದಲು ಸರೇಸು ಎಂಬ ಪ್ರಾಣಿಜನ್ಯ ಅಂಟನ್ನು ಬಳಿದು, ಆಮೇಲೆ ಬಿಳಿಯ ಅಸ್ತರು ಹಚ್ಚುತ್ತಾರೆ. ಅಗಸೆ ಎಣ್ಣೆ ಒಣಗುವಾಗ ಶಾಖ ಹೊಮ್ಮುವುದರಿಂದ, ಕುಂಚ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಎಸೆದರೆ ಅವು ತಾವಾಗಿಯೇ ಹೊತ್ತಿಕೊಳ್ಳಬಹುದು. ಅವನ್ನು ಹರವಿ ಒಣಗಿಸಬೇಕು, ಇಲ್ಲವೇ ನೀರಿನಲ್ಲಿ ಅದ್ದಿ ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿಡಬೇಕು.