276 ಎಲ್ಲಿ ನಿಲ್ಲುತ್ತದೆ?

12ನ್ನು ತೆಗೆದುಕೊಳ್ಳಿ. 12ನ್ನು ಬಿಟ್ಟರೆ ಅದರ ಭಾಜಕಗಳು 1, 2, 3, 4 ಮತ್ತು 6. ಇವುಗಳ ಮೊತ್ತ 16. 16ಕ್ಕೂ ಹೀಗೆಯೇ ಮಾಡಿದರೆ 15; ಮುಂದೆ 9, 4, 3, ಕೊನೆಗೆ 1. ಅಲ್ಲಿಗೆ ಶ್ರೇಢಿ ಮುಗಿಯಿತು.

ಎಲ್ಲ ಸಂಖ್ಯೆಗಳೂ ಹೀಗೆ ಇಳಿಯುವುದಿಲ್ಲ. 6ರಿಂದ ಹೊರಟರೆ 1+2+3, ಅಂದರೆ ಮತ್ತೆ 6. ಇಂಥವನ್ನು ಗ್ರೀಕರು ಪರಿಪೂರ್ಣ ಸಂಖ್ಯೆಗಳೆಂದರು. 220ರಿಂದ 284, 284ರಿಂದ ಮತ್ತೆ 220 ಬರುತ್ತವೆ; ಇವು ಮಿತ್ರ ಸಂಖ್ಯೆಗಳು. 18ನೆಯ ಶತಮಾನದಲ್ಲಿ ಆಯ್ಲರ್ ಇಂಥ ಸುಮಾರು 60 ಜೋಡಿಗಳನ್ನು ಪಟ್ಟಿ ಮಾಡಿದ. ಆದರೂ 1184 ಮತ್ತು 1210 ಎಂಬ ಪುಟ್ಟ ಜೋಡಿ ಅವನ ಕಣ್ಣು ತಪ್ಪಿಸಿತ್ತು! 1866ರಲ್ಲಿ ಅದನ್ನು ಕಂಡುಹಿಡಿದವನು ಇಟಲಿಯ 16ರ ಹುಡುಗ ನಿಕೊಲೊ ಪಗನಿನಿ (ಪ್ರಸಿದ್ಧ ಪಿಟೀಲುವಾದಕನಲ್ಲ, ಅದೇ ಹೆಸರಿನ ಇನ್ನೊಬ್ಬ).

1888ರಲ್ಲಿ ಬೆಲ್ಜಿಯಂನ ಕ್ಯಾಟಲನ್, ಇಂಥ ಶ್ರೇಢಿಗಳೆಲ್ಲ 1ರಲ್ಲಿ ಅಥವಾ ಪರಿಪೂರ್ಣ ಸಂಖ್ಯೆಯಲ್ಲಿ ನಿಲ್ಲುತ್ತವೆ ಎಂದ. 220 ಒಂದೇ ಸಾಕಲ್ಲವೆ, ಇದನ್ನು ಅಲ್ಲಗಳೆಯಲು? 1913ರಲ್ಲಿ ಅಮೆರಿಕದ ಡಿಕ್ಸನ್ ಈ ಊಹೆಯನ್ನು ತಿದ್ದಿದ: ನಿಲ್ಲದಿದ್ದರೆ ಶ್ರೇಢಿ ಯಾವುದಾದರೊಂದು ಚಕ್ರದಲ್ಲಿ ಸುತ್ತುತ್ತದೆ, ಮಿತಿಯಿಲ್ಲದೆ ಬೆಳೆಯುವುದಿಲ್ಲ. ದೊಡ್ಡ ಚಕ್ರಗಳಿವೆಯೆ? ಇವೆ. 1918ರಲ್ಲಿ, ಕಂಪ್ಯೂಟರ್ ಇಲ್ಲದ ಕಾಲದಲ್ಲೇ, ಪೂಲೆ ಎರಡನ್ನು ತೋರಿಸಿದ. 12496, 14288, 15472, 14536, 14264, ಮತ್ತೆ 12496: ಇದು ಐದರ ಚಕ್ರ. 14316ರಿಂದ ಹೊರಡುವ ಇನ್ನೊಂದರಲ್ಲಿ 28 ಸಂಖ್ಯೆಗಳಿವೆ.

ಆದರೆ ಮಿತಿಯಿಲ್ಲದೆ ಬೆಳೆಯುವುದಿಲ್ಲ ಎಂಬ ಮಾತು? ಇಲ್ಲಿಯೇ ತೊಡಕು. 6ರ ಯಾವುದೇ ಗುಣಕದ ಅರ್ಧ, ಮೂರನೆಯ ಒಂದು ಭಾಗ, ಆರನೆಯ ಒಂದು ಭಾಗ ಇವನ್ನು ಕೂಡಿ ನೋಡಿ. ಅದೇ ಸಂಖ್ಯೆ ಬರುತ್ತದೆ. ಸಂಖ್ಯೆ 6ಕ್ಕಿಂತ ದೊಡ್ಡದಾದರೆ 1 ಮುಂತಾದ ಬೇರೆ ಭಾಜಕಗಳೂ ಸೇರುತ್ತವೆ. ಆದ್ದರಿಂದ 6ರ ಗುಣಕಗಳೇ ಬರುತ್ತಿರುವಷ್ಟು ಕಾಲ ಶ್ರೇಢಿ ಏರಲೇಬೇಕು. 138ರಿಂದ ಹೊರಟ ಶ್ರೇಢಿ 1,79,93,18,95,322ರವರೆಗೆ ಏರಿ, 177ನೆಯ ಹೆಜ್ಜೆಯಲ್ಲಿ 1ಕ್ಕೆ ಇಳಿಯುತ್ತದೆಂದು ಲೆಹ್ಮರ್ ತೋರಿಸಿದ.

276 ಇನ್ನೂ ಇಳಿದಿಲ್ಲ. 276, 396, 696, 1104, 1872, 3770... ಹೀಗೆ 2000ಕ್ಕೂ ಹೆಚ್ಚು ಪದಗಳನ್ನು ಲೆಕ್ಕ ಹಾಕಲಾಗಿದೆ. ಸಂಖ್ಯೆಗಳು 200 ಅಂಕಿಗಳನ್ನು ದಾಟಿವೆ. ಭಾಜಕಗಳನ್ನು ಕೂಡಬೇಕಾದರೆ ಮೊದಲು ಸಂಖ್ಯೆಯನ್ನು ಅವಿಭಾಜ್ಯಗಳಾಗಿ ಒಡೆಯಬೇಕು. ಅಷ್ಟು ದೊಡ್ಡ ಸಂಖ್ಯೆಯನ್ನು ಒಡೆಯುವುದು ಕಂಪ್ಯೂಟರಿಗೂ ಸುಲಭವಲ್ಲ. ಸಮಸಂಖ್ಯೆಗಳಿಂದ ಹೊರಡುವ ಬಹುಪಾಲು ಶ್ರೇಢಿಗಳು ಕೊನೆಯಿಲ್ಲದೆ ಬೆಳೆಯಬಹುದೆಂದು 1975ರಲ್ಲಿ ಗೈ ಮತ್ತು ಸೆಲ್‌ಫ್ರಿಜ್ ಊಹಿಸಿದರು. ಡಿಕ್ಸನ್ ಸರಿಯೋ ಇವರು ಸರಿಯೋ, ಸಾಧನೆ ಎರಡು ಕಡೆಗೂ ಇಲ್ಲ.

ನೀವು 306ರಿಂದ ಹೊರಟು ನೋಡಿ. ಒಂದೇ ಹೆಜ್ಜೆಗೆ 276ರ ದಾರಿಯನ್ನು ಸೇರುತ್ತೀರಿ.