ಮುಟ್ಟಿನ ಲೆಕ್ಕ, ಸಕ್ಕರೆಯ ಲೆಕ್ಕ

ಷಿಕಾಗೋದಲ್ಲಿ ನಾನು ಕೆಲಸಕ್ಕೆ ಹೋಗುವ ದಾರಿಯಲ್ಲಿ, ಮಿಷಿಗನ್ ಸರೋವರದ ಹತ್ತಿರ, ಮೈಕೆಲ್ ರೀಸ್ ಆಸ್ಪತ್ರೆಯಿದ್ದ ಜಾಗ ಸಿಗುತ್ತದೆ. ಅಲ್ಲಿನ ವೈದ್ಯರಾದ ಸ್ಟೈನ್ ಮತ್ತು ಲೆವೆಂಥಾಲ್ 1935ರಲ್ಲಿ ಏಳು ಹೆಂಗಸರ ಕಥೆ ಬರೆದರು. ಮುಟ್ಟು ಏರುಪೇರು, ಅಂಡಾಶಯದ ತುಂಬ ನೀರುಗುಳ್ಳೆ. ಅಂಡಾಶಯದ ಒಂದು ತುಣುಕನ್ನು ಕತ್ತರಿಸಿ ತೆಗೆದ ಮೇಲೆ ಏಳೂ ಮಂದಿಗೆ ಮುಟ್ಟು ಮರಳಿತು, ಇಬ್ಬರು ಬಸಿರಾದರು. ಇಂದಿನ ಪಿಸಿಓಎಸ್‌ಗೆ ಬಹುಕಾಲ ಆ ಇಬ್ಬರು ವೈದ್ಯರದೇ ಹೆಸರಿತ್ತು.

ಅದಕ್ಕೂ ಮುಂಚೆ, 1921ರಲ್ಲಿಯೇ, ಫ್ರಾನ್ಸಿನ ಅಷಾರ್ ಮತ್ತು ತಿಯೆರ್ 'ಗಡ್ಡದ ಹೆಂಗಸರ ಮಧುಮೇಹ'ದ ಬಗ್ಗೆ ಬರೆದಿದ್ದರು. ಎರಡು ಎಳೆಗಳು ಕೂಡಲು ದಶಕಗಳೇ ಬೇಕಾದವು. 1980ರಲ್ಲಿ ಬರ್ಗೆನ್ ಮತ್ತು ಸಂಗಡಿಗರು ಇಂಥ ಹೆಂಗಸರಲ್ಲಿ ಇನ್ಸುಲಿನ್ ಮತ್ತು ಗಂಡು ಹಾರ್ಮೋನು ಜೊತೆಯಾಗಿ ಏರುವುದನ್ನು ತೋರಿಸಿದರು. ದೇಹ ಇನ್ಸುಲಿನ್ನಿನ ಮಾತು ಕೇಳದಾಗ ಮೇದೋಜೀರಕ ಗ್ರಂಥಿ ಇನ್ನಷ್ಟು ಸುರಿಸುತ್ತದೆ. ಆ ಹೆಚ್ಚುವರಿ ಇನ್ಸುಲಿನ್ ಅಂಡಾಶಯವನ್ನು ಕೆರಳಿಸಿ ಗಂಡು ಹಾರ್ಮೋನು ಹೆಚ್ಚಿಸುತ್ತದೆ.

ಹತ್ತೊಂಬತ್ತರ ವಯಸ್ಸಿನಲ್ಲಿ ಊರಿನ ವೈದ್ಯರು ನನಗೆ, "ಮದುವೆಯಾದರೆ ಎಲ್ಲ ಸರಿಹೋಗುತ್ತೆ" ಅಂದಿದ್ದರು. ಮದುವೆಯಾಯಿತು, ಮಕ್ಕಳೂ ಆದರು. ಲೆಕ್ಕ ಚುಕ್ತಾ ಅಂದುಕೊಂಡೆ. ನಲವತ್ತೊಂದಕ್ಕೆ ಸಕ್ಕರೆ ಕಾಯಿಲೆ ಬಾಗಿಲು ತಟ್ಟಿತು. ಏಳು ಹೆಂಗಸರಲ್ಲಿ ಎಷ್ಟು ಮಂದಿಗೆ ಹೀಗಾಯಿತೋ, ಯಾರು ಕೇಳಿದರು?

ಈಗ ಮಗಳಿಗೂ ಪಿಸಿಓಎಸ್. ಮುಟ್ಟಿನ ಗುಳಿಗೆಯ ಚೀಟಿ ಹಿಡಿದು ಎದ್ದವಳನ್ನು ಮತ್ತೆ ಕೂರಿಸಿದೆ. ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ರಕ್ತ ನೋಡುವ ಪರೀಕ್ಷೆ, ರಕ್ತದೊತ್ತಡ, ಕೊಲೆಸ್ಟರಾಲ್ ಎಲ್ಲ ಬೇಕೆಂದೆ. "ಅಮ್ಮಾ, ನನಗಿನ್ನೂ ಇಪ್ಪತ್ತು" ಅಂದಳು.

"ಅದಕ್ಕೇ" ಅಂದೆ.