ಹಳೆಯ ಮೋಟಾರ್‌ಸೈಕಲ್‌ಗಳಲ್ಲಿ ಕಚ್ಚಿಕೊಂಡ ಕಾರ್ಬುರೇಟರ್ ಬಿಡಿಸುವಿಕೆ

ವರ್ಷಗಟ್ಟಲೆ ಓಡದೆ ನಿಂತ ಮೋಟಾರ್‌ಸೈಕಲ್ಲಿನ ಕಾರ್ಬುರೇಟರ್‌ನಲ್ಲಿ ಸ್ಲೈಡ್, ಜೆಟ್, ಫ್ಲೋಟ್, ಸೂಜಿ, ಮುಚ್ಚಳದ ಬಳೆ ಮುಂತಾದ ಭಾಗಗಳು ಒಂದನ್ನೊಂದು ಕಚ್ಚಿಕೊಂಡು ಅಲುಗಾಡದಂತಾಗುತ್ತವೆ. ಅವನ್ನು ಮುರಿಯದೆ, ಗೀರು ಬೀಳಿಸದೆ, ಅಳತೆ ಕೆಡಿಸದೆ ಬೇರೆ ಮಾಡುವುದು ಹಳೆಯ ಗಾಡಿಯನ್ನು ಮತ್ತೆ ಓಡಿಸುವ ಕೆಲಸದ ಮೊದಲ ಘಟ್ಟ. ಎಂಜಿನ್ ಒಳಗಿನ ಪಿಸ್ಟನ್, ಬೇರಿಂಗ್‌ಗಳಿಗೆ ಬದಲಿ ಸಾಮಾನು ಹೇಗೋ ದೊರಕುತ್ತದೆ. ಒಡೆದ ಕಾರ್ಬುರೇಟರ್ ಮೈಗೆ ಅದೇ ಅಳತೆಯ, ಅದೇ ಗುಣದ ಇನ್ನೊಂದು ಸಿಗುವುದು ಕಷ್ಟ. ಆದ್ದರಿಂದ ಈ ಕೆಲಸದಲ್ಲಿ ಬಲಕ್ಕಿಂತ ತಾಳ್ಮೆಗೆ ಹೆಚ್ಚು ಬೆಲೆ.

ಕರ್ನಾಟಕದಲ್ಲಿ ಈ ವಿಷಯ ಹೆಚ್ಚಾಗಿ ಜಾವಾ ಮತ್ತು ಯೆಜ್ಡಿ ಗಾಡಿಗಳಿಗೆ ಸೇರಿದ್ದು. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಚೆಕೊಸ್ಲೊವಾಕಿಯಾದ ಪರವಾನಗಿಯಡಿ ಜಾವಾ ಗಾಡಿಗಳನ್ನು ತಯಾರಿಸಿತು. 1973ರ ನಂತರ ಅವು ಯೆಜ್ಡಿ ಹೆಸರಿನಲ್ಲಿ ಹೊರಬಂದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಹೀಗಾಗಿ ಈ ಊರಿನಲ್ಲೇ ತಯಾರಾದ ಗಾಡಿಗಳ ಪೈಕಿ ತೀರ ಕೊನೆಯದಕ್ಕೂ ಈಗ ಮೂರು ದಶಕದ ವಯಸ್ಸು. ಅವುಗಳ ಮೇಲಿದ್ದದ್ದು ಬಹುತೇಕ ಜಿಕೊವ್ ವಿನ್ಯಾಸದ ಕಾರ್ಬುರೇಟರ್. ಜಿಕೊವ್ ಸಂಸ್ಥೆಯ ಮೂಲ ಚೆಕ್ ನಾಡಿನ ಚೆಸ್ಕೆ ಬುದೆಯೊವಿತ್ಸೆ. ಹಳೆಯ ಬುಲೆಟ್ ಮತ್ತು ಬ್ರಿಟಿಷ್ ಗಾಡಿಗಳಲ್ಲಿ ಕಾಣುವ ಅಮಾಲ್ ಕಾರ್ಬುರೇಟರ್ ಬರ್ಮಿಂಗ್‌ಹ್ಯಾಮ್‌ನದು. ಅಲ್ಲಿನ ಮಾನೊಬ್ಲಾಕ್ ಮಾದರಿ 1955ರಲ್ಲೂ ಕಾನ್ಸೆಂಟ್ರಿಕ್ ಮಾದರಿ 1967ರಲ್ಲೂ ಬಂದವು. ಹೆಸರು ಬೇರೆಯಾದರೂ ಇವೆಲ್ಲದರ ಒಳರಚನೆ ಒಂದೇ ಬಗೆಯದು, ಕಚ್ಚಿಕೊಳ್ಳುವ ರೀತಿಯೂ ಒಂದೇ.

ರಚನೆ

ಮೈ ಸತುವಿನ ಮಿಶ್ರಲೋಹದ ಎರಕ. ಅದರ ನಡುವೆ ಗಾಳಿ ಹೋಗುವ ಗಂಟಲು. ಗಂಟಲಿಗೆ ಅಡ್ಡಲಾಗಿ ಮೇಲಿನಿಂದ ಇಳಿಯುವ ಉರುಳೆಯೇ ಸ್ಲೈಡ್. ಆಕ್ಸಿಲರೇಟರ್ ತಿರುಗಿಸಿದಾಗ ಕೇಬಲ್ ಅದನ್ನು ಮೇಲೆಳೆಯುತ್ತದೆ, ಬಿಟ್ಟಾಗ ಸ್ಪ್ರಿಂಗ್ ಕೆಳಗೆ ತಳ್ಳುತ್ತದೆ. ಸ್ಲೈಡಿನ ನಡುವೆ ತೂಗುವ ಮೊನಚು ಸೂಜಿ ಕೆಳಗಿನ ಜೆಟ್ಟಿನೊಳಗೆ ಇಳಿದಿರುತ್ತದೆ. ಪಕ್ಕದಲ್ಲೋ ಕೆಳಗೋ ಇರುವ ಪೆಟ್ರೋಲ್ ಬಟ್ಟಲಿನಲ್ಲಿ ಫ್ಲೋಟ್ ತೇಲುತ್ತ ಪೆಟ್ರೋಲಿನ ಮಟ್ಟ ಕಾಯುತ್ತದೆ. ಜೆಟ್‌ಗಳು ಹಿತ್ತಾಳೆಯವು, ಹಳೆಯ ಫ್ಲೋಟ್ ಕೂಡ ಹಿತ್ತಾಳೆಯ ತಗಡಿನದು. ಸ್ಲೈಡ್ ಮಾತ್ರ ಮಾದರಿಗೆ ತಕ್ಕಂತೆ ಸತುವಿನದೋ ಹಿತ್ತಾಳೆಯದೋ ಅಲ್ಯೂಮಿನಿಯಂನದೋ ಆಗಿರುತ್ತದೆ. ಬಿಡಿಸಲು ಕೂರುವ ಮೊದಲು ಯಾವ ಲೋಹ ಯಾವ ಲೋಹಕ್ಕೆ ತಾಗಿದೆ ಎಂದು ನೋಡಿಕೊಳ್ಳುವುದು ಅವಶ್ಯ. ಮುಂದಿನ ಎಲ್ಲ ತೀರ್ಮಾನವೂ ಅದರ ಮೇಲೆ ನಿಂತಿದೆ.

ಕಚ್ಚಿಕೊಳ್ಳುವ ಕಾರಣಗಳು

ಎರಡು ಬೇರೆಬೇರೆ ಕ್ರಿಯೆಗಳನ್ನು ಜನ ಒಂದೇ ಮಾತಿನಲ್ಲಿ ಜಾಮ್ ಆಗಿದೆ ಎನ್ನುತ್ತಾರೆ. ಅವನ್ನು ಬೇರೆ ಮಾಡಿ ಗುರುತಿಸದೆ ಕೈಹಾಕಿದಲ್ಲಿಯೇ ಹೆಚ್ಚಿನ ಕಾರ್ಬುರೇಟರ್‌ಗಳು ಹಾಳಾಗುವುದು.

ಮೊದಲನೆಯದು ಅಂಟು. ಬಟ್ಟಲಿನಲ್ಲಿ ಉಳಿದ ಪೆಟ್ರೋಲಿನ ಹಗುರ ಅಂಶ ಆವಿಯಾಗಿ ಹೋಗುತ್ತದೆ, ಉಳಿದದ್ದು ಗಾಳಿಯ ಆಮ್ಲಜನಕದೊಡನೆ ಸೇರಿ ಕಂದು ಬಣ್ಣದ ಮೇಣದಂಥ ಪದರವಾಗುತ್ತದೆ. ಜಾವಾ, ಯೆಜ್ಡಿಗಳಂಥ ಎರಡು ಸ್ಟ್ರೋಕ್ ಗಾಡಿಗಳಿಗೆ ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಿ ಹಾಕುತ್ತಿದ್ದುದರಿಂದ ಪೆಟ್ರೋಲ್ ಹಾರಿದ ಮೇಲೆ ಆ ಎಣ್ಣೆಯೂ ಅಲ್ಲೇ ಗಟ್ಟಿಯಾಗುತ್ತದೆ. ಹಳಸಿದ ವಾರ್ನಿಶ್ ವಾಸನೆ, ಜೇನಿನ ಬಣ್ಣ, ಉಗುರಿಗೆ ಸಿಗುವ ಮೆದುತನ ಇದರ ಗುರುತು.

ಎರಡನೆಯದು ಲೋಹದ ಸವೆತ. ತೇವದ ಗಾಳಿಯಲ್ಲಿ ಸತುವಿನ ಮೇಲೆ ಬಿಳಿ ಪುಡಿ ಏಳುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲ ಕಂಡ ಗಾಡಿಗಳಲ್ಲಿ ಇದು ತಪ್ಪದ್ದು. ಈ ಪುಡಿ ತಾನು ಹುಟ್ಟಿದ ಲೋಹಕ್ಕಿಂತ ಹೆಚ್ಚು ಜಾಗ ಹಿಡಿಯುವುದರಿಂದ ಸ್ಲೈಡಿಗೂ ಮೈಗೂ ನಡುವಿನ ಕೂದಲೆಳೆಯ ಸಂದಿನಲ್ಲಿ ಬೆಣೆ ಹೊಡೆದಂತೆ ಕೂತುಬಿಡುತ್ತದೆ. ಹಿತ್ತಾಳೆಗೆ ತಾಗಿದ ಕಡೆ ಸವೆತ ಇನ್ನೂ ವೇಗ. ತೇವದಲ್ಲಿ ಎರಡು ಲೋಹ ಕೂಡಿದಾಗ ಸತುವೇ ಕರಗಿ ಹಿತ್ತಾಳೆ ಉಳಿಯುತ್ತದೆ. ಜೆಟ್ಟಿನ ಮೇಲೆ ಹಸಿರು ಕಿಲುಬು ಕಂಡರೆ ನೀರು ಒಳಹೊಕ್ಕಿದೆ ಎಂದೇ ತಿಳಿಯಬೇಕು, ಮತ್ತು ಅದರ ಸುತ್ತಣ ಸತುವಿನ ಥ್ರೆಡ್ ಈಗಾಗಲೇ ಬಲ ಕಳೆದುಕೊಂಡಿದೆ ಎಂದು ಎಣಿಸಬೇಕು.

ಅಂಟನ್ನು ಕರಗಿಸಲು ಥಿನ್ನರ್, ಅಸಿಟೋನ್, ಕಾರ್ಬುರೇಟರ್ ಕ್ಲೀನರ್ ಸ್ಪ್ರೇ ಸಾಕು. ಬಿಳಿ ಪುಡಿಯನ್ನು ಅವು ಕರಗಿಸಲಾರವು. ಅದಕ್ಕೆ ಸಂದಿಗೆ ಇಳಿಯುವ ತೆಳು ಎಣ್ಣೆ ಬೇಕು, ಅದೂ ಗಂಟೆಗಳ ಲೆಕ್ಕದಲ್ಲಿ ಅಲ್ಲ, ದಿನಗಳ ಲೆಕ್ಕದಲ್ಲಿ. ಹಿಂದಿನವರು ಸೀಮೆಎಣ್ಣೆಯಲ್ಲಿ ಮುಳುಗಿಸಿಡುತ್ತಿದ್ದರು. ಸೀಮೆಎಣ್ಣೆ ಈಗ ಸುಲಭವಾಗಿ ಸಿಗದಿದ್ದರೂ ಡೀಸೆಲ್ ಅದೇ ಕೆಲಸ ಮಾಡುತ್ತದೆ, ಸ್ವಲ್ಪ ನಿಧಾನವಾಗಿ. ವಾಸ್ತವದಲ್ಲಿ ಎರಡೂ ತೊಂದರೆ ಒಟ್ಟಿಗೇ ಇರುವುದು ಹೆಚ್ಚು. ಆಗ ಮೊದಲು ಅಂಟನ್ನು ತೊಳೆದು, ನಂತರ ಎಣ್ಣೆಗೆ ಹಾಕುವುದು ಸರಿಯಾದ ಕ್ರಮ. ಅಂಟು ಮುಚ್ಚಿದ ಸಂದಿಗೆ ಎಣ್ಣೆ ಇಳಿಯುವುದೇ ಇಲ್ಲ.

ಸ್ಲೈಡ್ ಬಿಡಿಸುವುದು

ಗಾಡಿ ನಿಲ್ಲಿಸುವಾಗ ಸ್ಪ್ರಿಂಗ್ ಸ್ಲೈಡನ್ನು ಕೆಳಕ್ಕೆ ಒತ್ತಿರುವುದರಿಂದ ಅದು ಸಾಮಾನ್ಯವಾಗಿ ಮುಚ್ಚಿದ ಸ್ಥಿತಿಯಲ್ಲೇ ಕಚ್ಚಿಕೊಂಡಿರುತ್ತದೆ. ಎದುರಿಗೆ ಕಾಣುವ ಉಪಾಯ ಕೇಬಲ್ ಹಿಡಿದು ಎಳೆಯುವುದು. ಅದು ಕೇಬಲ್ಲಿನ ತುದಿಯ ಗುಂಡನ್ನೋ ಸ್ಲೈಡಿನೊಳಗೆ ಆ ಗುಂಡು ಕೂರುವ ಗೂಡನ್ನೋ ಕಿತ್ತುಹಾಕುತ್ತದೆ. ಇನ್ನೊಂದು, ಗಂಟಲಿನ ಬಾಯಿಂದ ಸ್ಕ್ರೂಡ್ರೈವರ್ ತೂರಿಸಿ ಮೀಟುವುದು. ಇದು ಮೊದಲಿನದಕ್ಕಿಂತ ಕೆಟ್ಟದ್ದು. ಸ್ಲೈಡಿನ ಅಂಚಿನ ಕೊರೆತವೇ ಆಕ್ಸಿಲರೇಟರ್ ಸ್ವಲ್ಪವೇ ತೆರೆದಾಗಿನ ಗಾಳಿ-ಪೆಟ್ರೋಲ್ ಪ್ರಮಾಣವನ್ನು ತಿದ್ದುವಂಥದ್ದು. ಅಲ್ಲಿ ಬಿದ್ದ ಒಂದು ಕಚ್ಚು ಗಾಡಿಯ ನಡೆಯನ್ನೇ ಬದಲಿಸುತ್ತದೆ. ತಿರುಚುವುದೂ ಸಲ್ಲದು. ಸ್ಲೈಡಿನ ಬದಿಯ ಕಾಲುವೆಯಲ್ಲಿ ಸಣ್ಣ ಗೂಟವೊಂದು ಕೂತು ಅದನ್ನು ತಿರುಗದಂತೆ ಹಿಡಿದಿರುತ್ತದೆ, ಬಲ ಹಾಕಿದರೆ ಗೂಟ ಮುರಿಯುತ್ತದೆ.

ಕಾರ್ಬುರೇಟರನ್ನು ಗಾಡಿಯಿಂದ ಇಳಿಸಿ, ಪೆಟ್ರೋಲ್ ಪೂರ್ತಿ ಚೆಲ್ಲಿ, ಮೇಲಿನ ಬಳೆ ಬಿಚ್ಚಿ, ಸ್ಪ್ರಿಂಗ್ ಮತ್ತು ಕೇಬಲ್ ತೆಗೆದ ಮೇಲೆ ಸೂಜಿಯನ್ನು ಮೇಲಿನಿಂದ ಎತ್ತಿಡಬೇಕು. ಬಳೆಯೇ ತಿರುಗದಿದ್ದರೆ ಅದಕ್ಕೆ ದೊಡ್ಡ ಪ್ಲೈಯರ್ ಹಾಕಬಾರದು. ತೆಳ್ಳನೆಯ ಬಳೆ ಅಂಡಾಕಾರವಾಗಿ ಇನ್ನಷ್ಟು ಬಿಗಿಯುತ್ತದೆ. ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ಕೈಯಿಂದಲೇ ತಿರುಗಿಸಬೇಕು. ಸೂಜಿ ಹೊರಬಂದ ಮೇಲೆ ಮೇಲಿನಿಂದಲೂ ಗಂಟಲಿನಿಂದಲೂ ಎಣ್ಣೆ ಬಿಟ್ಟು ಒಂದು ರಾತ್ರಿ ಇಟ್ಟು, ಒರೆಸಿ, ಮತ್ತೆ ಬಿಡಬೇಕು.

ಇಷ್ಟಾದರೂ ಬಾರದಿದ್ದರೆ ಬಿಸಿಯ ಸರದಿ. ಇಲ್ಲಿ ಲೋಹಗಳ ಲೆಕ್ಕ ಉಪಯೋಗಕ್ಕೆ ಬರುತ್ತದೆ. ಒಂದು ಡಿಗ್ರಿ ಸೆಲ್ಸಿಯಸ್ ಏರಿದಾಗ ಸತುವಿನ ಮಿಶ್ರಲೋಹ ತನ್ನ ಉದ್ದದ ದಶಲಕ್ಷದಲ್ಲಿ ಸುಮಾರು 27 ಪಾಲು ಹಿಗ್ಗುತ್ತದೆ, ಹಿತ್ತಾಳೆ ಸುಮಾರು 19 ಪಾಲು. ಜಿಕೊವ್ ಮಾದರಿ ಸಂಖ್ಯೆಯ ಕೊನೆಯ ಎರಡು ಅಂಕಿ ಗಂಟಲಿನ ವ್ಯಾಸವನ್ನು ಮಿಲಿಮೀಟರಿನಲ್ಲಿ ಹೇಳುತ್ತವೆ. 2924 ಎಂದರೆ 24 ಮಿ.ಮೀ., 2928 ಎಂದರೆ 28 ಮಿ.ಮೀ. ಸುಮಾರು ಇಷ್ಟೇ ಅಗಲದ ಹಿತ್ತಾಳೆ ಸ್ಲೈಡ್ ಇದ್ದು, ಕುದಿಯುವ ನೀರಿನಿಂದ 70 ಡಿಗ್ರಿ ಏರಿಸಿದರೆ ಮೈಗೂ ಸ್ಲೈಡಿಗೂ ನಡುವೆ ಮಿಲಿಮೀಟರಿನ ನೂರನೆಯ ಒಂದು ಪಾಲಿಗಿಂತ ತುಸು ಹೆಚ್ಚು ಜಾಗ ತೆರೆಯುತ್ತದೆ. ಕೇಳಲು ಅತ್ಯಲ್ಪ, ಆದರೆ ಸಂದಿನಲ್ಲಿ ಕೂತ ಪುಡಿಗೆ ಅಷ್ಟು ಸಡಿಲ ಸಾಕು. ಸ್ಲೈಡೂ ಸತುವಿನದಾದರೆ ಇಡೀ ಕಾರ್ಬುರೇಟರನ್ನು ನೀರಿಗೆ ಹಾಕಿ ಪ್ರಯೋಜನವಿಲ್ಲ, ಎರಡೂ ಸಮಸಮವಾಗಿ ಹಿಗ್ಗುತ್ತವೆ. ಆಗ ಬಿಸಿನೀರನ್ನು ಹೊರಮೈ ಮೇಲಷ್ಟೇ ಸುರಿದು, ಮೈ ಬಿಸಿಯಾಗಿ ಸ್ಲೈಡ್ ಇನ್ನೂ ತಣ್ಣಗಿರುವ ಆ ಅರೆಗಳಿಗೆಯಲ್ಲಿ ಕೆಲಸ ಮುಗಿಸಬೇಕು.

ಗ್ಯಾಸ್ ಬೆಂಕಿ, ಬ್ಲೋಲ್ಯಾಂಪ್ ಹತ್ತಿರ ತರಲೇಬಾರದು. ಶುದ್ಧ ಸತು 419 ಡಿಗ್ರಿಯಲ್ಲಿ ಕರಗುತ್ತದೆ, ಎರಕದ ಮಿಶ್ರಲೋಹ ಅದಕ್ಕಿಂತಲೂ ಬೇಗ, ಸುಮಾರು 380ರಲ್ಲಿ ಮೆತ್ತಗಾಗತೊಡಗುತ್ತದೆ. ಕರಗುವ ಮುನ್ನ ಬಣ್ಣ ಬದಲಿಸಿ ಎಚ್ಚರಿಸುವ ಗುಣ ಅದಕ್ಕಿಲ್ಲ. ಜೊತೆಗೆ ಮೂಲೆಯಲ್ಲಿ ಉಳಿದ ಪೆಟ್ರೋಲಿನ ಆವಿ ಹೊತ್ತಿಕೊಳ್ಳುವ ಅಪಾಯ.

ಬಿಸಿ ಇರುವಾಗಲೇ ಕಾರ್ಬುರೇಟರನ್ನು ತಲೆಕೆಳಗಾಗಿ ಹಿಡಿದು ಮರದ ಹಲಗೆಯ ಮೇಲೆ ಚಿಕ್ಕಚಿಕ್ಕದಾಗಿ ಕುಟ್ಟಿದರೆ ಸ್ಲೈಡ್ ತನ್ನ ತೂಕಕ್ಕೇ ಜಾರುವುದುಂಟು. ಜಾರದಿದ್ದರೆ ಕೆಳಗಿನ ಜೆಟ್ ಬಿಚ್ಚಿ, ಆ ರಂಧ್ರದಿಂದ ಬಿದಿರು ಅಥವಾ ಗಟ್ಟಿಮರದ ಕಡ್ಡಿ ತೂರಿಸಿ ಸ್ಲೈಡಿನ ಅಡಿಯನ್ನು ನೇರವಾಗಿ ಮೇಲಕ್ಕೆ ತಟ್ಟಬೇಕು. ಅಮಾಲ್ ಮಾನೊಬ್ಲಾಕ್‌ನಲ್ಲಿ ಜೆಟ್ ಬ್ಲಾಕೇ ಮೇಲಿನಿಂದ ಹೊರಬರುವಂಥದ್ದು. ಅದರ ಅಡಿಯ ನಟ್ ಬಿಚ್ಚಿ ಬ್ಲಾಕನ್ನು ಕೆಳಗಿನಿಂದ ತಟ್ಟಿದರೆ ಅದು ಸ್ಲೈಡನ್ನೂ ಹೊತ್ತು ಮೇಲೇಳುತ್ತದೆ. ಉಕ್ಕಿನ ಸರಳು ಎಲ್ಲಿಯೂ ಬೇಡ.

ಜೆಟ್‌ಗಳು

ಜೆಟ್ ಬಿಚ್ಚುವಾಗಿನ ಹಾನಿಗೆ ಹೆಚ್ಚಾಗಿ ಕಾರಣ ಹೊಂದದ ಸ್ಕ್ರೂಡ್ರೈವರ್. ಅದರ ತುದಿ ಜೆಟ್ಟಿನ ಗೀಟಿನಲ್ಲಿ ಅಗಲಕ್ಕೂ ದಪ್ಪಕ್ಕೂ ಸರಿಯಾಗಿ ಕೂರಬೇಕು, ಬೇಕಿದ್ದರೆ ಅರದಿಂದ ಉಜ್ಜಿ ಕೂರಿಸಿಕೊಳ್ಳಬೇಕು. ಮೊದಲು ಬಿಗಿಯುವ ದಿಕ್ಕಿಗೆ ಕೂದಲಷ್ಟು ಒತ್ತಿ, ಆಮೇಲೆ ಬಿಚ್ಚುವ ದಿಕ್ಕಿಗೆ ತಿರುಗಿಸುವುದು ಮೆಕ್ಯಾನಿಕ್‌ಗಳ ಹಳೆಯ ರೂಢಿ. ಕಿಲುಬಿನ ಹಿಡಿತ ಅದರಿಂದ ಸಡಿಲುತ್ತದೆ. ಗೀಟು ಕಿತ್ತುಹೋದರೆ ಎಡ ಥ್ರೆಡ್ಡಿನ ಎಕ್ಸ್‌ಟ್ರಾಕ್ಟರ್ ಉಪಯೋಗಿಸಬೇಕಾಗುತ್ತದೆ. ಇಲ್ಲಿ ಆಯ್ಕೆ ಸ್ಪಷ್ಟವಾಗಿರಬೇಕು: ಹಿತ್ತಾಳೆ ಹಾಳಾದರೂ ಸತುವನ್ನು ಉಳಿಸಬೇಕು. ಜೆಟ್ ಹೊಸದು ಸಿಗುತ್ತದೆ, ಮೈಯ ಥ್ರೆಡ್ ಹೋದರೆ ಮೈಯೇ ಹೋದಂತೆ.

ಬಿಡಿಸಿದ ಜೆಟ್ಟಿನ ತೂತಿಗೆ ಉಕ್ಕಿನ ತಂತಿ ಹಾಕುವ ಅಭ್ಯಾಸ ಎಲ್ಲೆಡೆ ಇದೆ, ಅದನ್ನು ಬಿಡಬೇಕು. ಜಿಕೊವ್ ಜೆಟ್ಟಿನ ಮೇಲಿನ ಅಂಕಿ ತೂತಿನ ವ್ಯಾಸವನ್ನು ಮಿಲಿಮೀಟರಿನ ನೂರನೆಯ ಪಾಲಿನಲ್ಲಿ ಹೇಳುತ್ತದೆ. 90 ಎಂದಿದ್ದರೆ 0.90 ಮಿ.ಮೀ. ಅದು ಗೀರಿ 0.92 ಆದರೆ ತೂತಿನ ವಿಸ್ತೀರ್ಣ ಶೇಕಡಾ ನಾಲ್ಕೂವರೆಯಷ್ಟು ಹಿಗ್ಗುತ್ತದೆ, ಹೊಗೆಯೂ ಪೆಟ್ರೋಲ್ ಖರ್ಚೂ ಅದಕ್ಕೆ ತಕ್ಕಂತೆ ಏರುತ್ತದೆ. ಅಮಾಲ್ ಜೆಟ್ಟಿನ ಅಂಕಿ ವ್ಯಾಸದ್ದಲ್ಲ, ನಿಮಿಷಕ್ಕೆ ಎಷ್ಟು ಘನ ಸೆಂಟಿಮೀಟರ್ ಹರಿಯುತ್ತದೆ ಎಂಬುದರದು. ಆದ್ದರಿಂದ ಒಂದರ ಅಂಕಿ ನೋಡಿ ಇನ್ನೊಂದನ್ನು ಕೂರಿಸಬಾರದು. ಥಿನ್ನರಿನಲ್ಲಿ ನೆನೆಸಿ, ಬಿರುಸಾದ ನೈಲಾನ್ ಎಳೆ ತೂರಿಸಿ, ಗಾಳಿ ಊದುವುದೇ ಸಾಕು.

ಫ್ಲೋಟ್ ಮತ್ತು ಗುಂಡಿ

ಪೆಟ್ರೋಲ್ ತಡೆಯುವ ಸೂಜಿ ಅಂಟಿನಿಂದ ಮುಚ್ಚಿಕೊಂಡಿದ್ದರೆ ಬಟ್ಟಲು ತುಂಬುವುದೇ ಇಲ್ಲ, ತೆರೆದೇ ನಿಂತಿದ್ದರೆ ಪೆಟ್ರೋಲ್ ಉಕ್ಕುತ್ತದೆ. ಜಾವಾದಂಥ ಗಾಡಿಗಳಲ್ಲಿ ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಲು ಒತ್ತುವ ಪುಟ್ಟ ಗುಂಡಿ ಫ್ಲೋಟನ್ನು ಕೆಳಗೆ ಅದುಮುತ್ತದೆ. ಆ ಗುಂಡಿ ಒತ್ತಿದ ಸ್ಥಿತಿಯಲ್ಲೇ ಕಚ್ಚಿಕೊಂಡರೂ ಉಕ್ಕುವಿಕೆ ಅದೇ. ಎರಡು ಸ್ಟ್ರೋಕ್ ಎಂಜಿನ್ನಿನಲ್ಲಿ ಹಾಗೆ ಉಕ್ಕಿದ ಪೆಟ್ರೋಲ್ ಕ್ರ್ಯಾಂಕ್‌ಕೇಸಿಗೆ ಇಳಿದು ತುಂಬಿಕೊಳ್ಳುತ್ತದೆ. ಹಿತ್ತಾಳೆ ಫ್ಲೋಟಿನಲ್ಲಿ ಬಿರುಕಿದೆಯೇ ನೋಡಲು ಅದನ್ನು ಬಿಸಿನೀರಿನಲ್ಲಿ ಅದ್ದಿದರೆ ಬಿರುಕಿನಿಂದ ಗುಳ್ಳೆ ಏಳುತ್ತದೆ. ಬೆಸುಗೆ ಹಾಕುವ ಮುನ್ನ ಒಳಗಿನ ಪೆಟ್ರೋಲ್ ಒಂದು ಹನಿಯೂ ಇಲ್ಲದಂತೆ ಆರಬೇಕು, ಇಲ್ಲದಿದ್ದರೆ ಫ್ಲೋಟ್ ಸಿಡಿಯುತ್ತದೆ. ಬೆಸುಗೆಯ ಲೋಹ ಹೆಚ್ಚಾದರೆ ಫ್ಲೋಟ್ ಭಾರವಾಗಿ ಪೆಟ್ರೋಲಿನ ಮಟ್ಟ ಏರುತ್ತದೆ.

ತೊಳೆಯುವಾಗ ಬೇಡವಾದವು

ಹಿತ್ತಾಳೆ ದೀಪಕ್ಕೆ ಹುಣಸೆಹಣ್ಣು ತಿಕ್ಕಿ ಬೆಳಗಿದ ಕೈಗೆ ಕಿಲುಬು ಹಿಡಿದ ಕಾರ್ಬುರೇಟರ್ ಕಂಡಾಗ ಅದೇ ನೆನಪಾಗುವುದು ಸಹಜ. ಬಿಡಿಸಿ ಹೊರತೆಗೆದ ಜೆಟ್ಟಿಗೆ ಅದು ನಡೆಯುತ್ತದೆ. ಮೈಗೆ ನಡೆಯುವುದಿಲ್ಲ. ಹುಳಿ ಯಾವುದೇ ಇರಲಿ, ಹುಣಸೆ, ನಿಂಬೆ, ವಿನೆಗರ್, ಸತುವನ್ನು ತಿನ್ನುತ್ತದೆ. ಕಾಸ್ಟಿಕ್ ಸೋಡಾ ಸತುವನ್ನೂ ಅಲ್ಯೂಮಿನಿಯಂ ಅನ್ನೂ ಕರಗಿಸುತ್ತದೆ. ಅಲ್ಟ್ರಾಸಾನಿಕ್ ಯಂತ್ರ ಒಳದಾರಿಗಳನ್ನು ಚೆನ್ನಾಗಿ ತೊಳೆಯುತ್ತದೆ, ಆದರೆ ಮೆದು ಸಾಬೂನು ನೀರಿನಲ್ಲಿ, ಅಲ್ಪ ಹೊತ್ತು ಮಾತ್ರ. ಕೂಡಲೇ ಒಣಗಿಸದಿದ್ದರೆ ಬಿಳಿ ಪುಡಿ ಮತ್ತೆ ಏಳುತ್ತದೆ. ಸ್ಲೈಡಿಗೆ ಒರಟು ಎಮರಿ ಕಾಗದ ಹಾಕಬಾರದು. ತೆಗೆದ ಲೋಹ ಮರಳದು, ಸಡಿಲಾದ ಸ್ಲೈಡಿನ ಬದಿಯಿಂದ ಗಾಳಿ ನುಸುಳಿ ಎಂಜಿನ್ ನಿಧಾನಗತಿಯಲ್ಲಿ ಸ್ಥಿರವಾಗಿ ಓಡದಂತಾಗುತ್ತದೆ.

ಮರುಜೋಡಣೆ

ಮೇಜಿನ ಮೇಲೆ ಸರಾಗವಾಗಿ ಆಡುವ ಸ್ಲೈಡ್ ಗಾಡಿಗೆ ಕೂರಿಸಿದ ಕೂಡಲೇ ಮತ್ತೆ ಹಿಡಿದುಕೊಳ್ಳುವುದುಂಟು. ಇದು ತುಕ್ಕೂ ಅಲ್ಲ, ಅಂಟೂ ಅಲ್ಲ. ಎಂಜಿನ್ನಿಗೆ ತಾಗುವ ಫ್ಲೇಂಜಿನ ನಟ್‌ಗಳನ್ನು ಅತಿಯಾಗಿ ಬಿಗಿದಾಗ ಮೆದು ಸತುವಿನ ಮೈ ಬಾಗಿ, ಉರುಳೆಯ ಕೊಳವೆ ಅಂಡಾಕಾರವಾಗುತ್ತದೆ. ಅಮಾಲ್ ಕಾನ್ಸೆಂಟ್ರಿಕ್ ಇದಕ್ಕೆ ಕುಖ್ಯಾತ. ನಟ್ ಸಡಿಲಿಸಿದಾಗ ಸ್ಲೈಡ್ ಬಿಟ್ಟುಕೊಂಡರೆ ಕಾರಣ ಇದೇ. ದಪ್ಪ ಗಾಜಿನ ಮೇಲೆ ನಯವಾದ ಎಮರಿ ಕಾಗದ ಹರಡಿ ಫ್ಲೇಂಜ್ ಮುಖವನ್ನು ಸಮತಟ್ಟಾಗುವಂತೆ ಉಜ್ಜಿ, ಹೊಸ ಪ್ಯಾಕಿಂಗ್ ಹಾಕಿ, ಎರಡೂ ನಟ್‌ಗಳನ್ನು ಒಂದರ ನಂತರ ಒಂದರಂತೆ ಸ್ವಲ್ಪಸ್ವಲ್ಪವೇ ಬಿಗಿಯಬೇಕು.

ಎಂಜಿನ್ ಸ್ಟಾರ್ಟ್ ಮಾಡುವ ಮುನ್ನ ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಕೈ ಬಿಟ್ಟಾಗ ಸ್ಲೈಡ್ ಟಕ್ಕೆಂದು ಕೆಳಗೆ ಬೀಳುವ ಸದ್ದು ಕೇಳಬೇಕು. ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ಇದೇ ಪರೀಕ್ಷೆ ಮಾಡಬೇಕು. ಸದ್ದು ಕೇಳದ ಗಾಡಿಯನ್ನು ರಸ್ತೆಗೆ ತರಬಾರದು. ತೆರೆದ ಸ್ಥಿತಿಯಲ್ಲಿ ಹಿಡಿದುಕೊಂಡ ಸ್ಲೈಡ್ ಸವಾರನ ಜೀವಕ್ಕೆ ಕುತ್ತು.

ನಿಂತಿರುವಾಗಿನ ಪಾಲನೆ

2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಬಿಡುಗಡೆಯಾದ, ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಈಗ ಎಲ್ಲೆಡೆ ಸಿಗುವಂಥದ್ದು. ಎಥನಾಲ್ ಗಾಳಿಯ ತೇವ ಹೀರುತ್ತದೆ. ಹೆಚ್ಚು ನೀರು ಸೇರಿದರೆ ನೀರು-ಎಥನಾಲ್ ಬೇರೆ ಪದರವಾಗಿ ಬಟ್ಟಲಿನ ತಳಕ್ಕೆ ಇಳಿಯುತ್ತದೆ, ಅಲ್ಲೇ ಜೆಟ್‌ಗಳಿರುವುದು. ಹಳೆಯ ಗಾಡಿಗಳ ಕಾರ್ಕ್, ರಬ್ಬರ್ ಭಾಗಗಳೂ ಇದಕ್ಕೆಂದು ಮಾಡಿದವಲ್ಲ. ಆದ್ದರಿಂದ ಕೆಲವು ವಾರ ಓಡಿಸದ ಗಾಡಿಯ ಪೆಟ್ರೋಲ್ ಕೊಳಾಯಿ ಮುಚ್ಚಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಬಟ್ಟಲಿನ ತಳದಲ್ಲಿ ಉಳಿದದ್ದನ್ನೂ ಚೆಲ್ಲಿಡಬೇಕು.

2018ರಲ್ಲಿ ಮರಳಿ ಬಂದ ಹೊಸ ಜಾವಾಗಳಲ್ಲಿ ಕಾರ್ಬುರೇಟರ್ ಇಲ್ಲ, ಪೆಟ್ರೋಲ್ ಇಂಜೆಕ್ಷನ್ ಇದೆ. ಮೈಸೂರಿನ ಹಳೆಯ ಗಾಡಿಗಳು ಓಡುತ್ತಿರಬೇಕಾದರೆ ಅವುಗಳ ಮೂಲ ಕಾರ್ಬುರೇಟರ್ ಮೈಗಳು ಉಳಿಯಬೇಕು. ಮನೆಯ ಅಟ್ಟದಲ್ಲಿ, ಶೆಡ್ಡಿನಲ್ಲಿ ಜಿಕೊವ್ ಒಂದು ಬಿಳಿ ಪುಡಿ ಹಿಡಿದು ಕೂತಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಡೀಸೆಲ್ ತುಂಬಿದ ಡಬ್ಬದಲ್ಲಿ ಮುಳುಗಿಸಿ ಮುಚ್ಚಿಟ್ಟು, ಕೆಲಸ ಬಲ್ಲ ಮೆಕ್ಯಾನಿಕ್ ಸಿಗುವವರೆಗೆ ಕಾಯಿರಿ.